ಬಣ್ಣ ಪದಕ್ಕೆ ಹಾಕಿ, ಅಕ್ಷರಕ್ಕಲ್ಲ

ನಾನು ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು. ಮಿಂಚುಪಟ್ಟಿಯಲ್ಲಿ ಒಂದೊಂದೇ ಅಕ್ಷರ ತೋರಿಸಿದರೆ ಪಟಪಟ ಹೇಳುವ ಕೆಲವು ಮಕ್ಕಳು, ಅದೇ ಅಕ್ಷರ ಪಾಠದ ಸಾಲಿನೊಳಗೆ ಬಂದರೆ ತಡವರಿಸುತ್ತಾರೆ. ಕಣ್ಣಿನ ಡಾಕ್ಟರು ದೃಷ್ಟಿ ಸರಿಯಿದೆ ಎಂದಮೇಲೂ ಅಷ್ಟೇ. ಇದಕ್ಕೆ ಒಂದು ಕಾರಣ ವಿಷುಯಲ್ ಕ್ರೌಡಿಂಗ್. ಅಕ್ಕಪಕ್ಕದ ಅಕ್ಷರಗಳು ನೂಕಾಡಿ ನಡುವಿನದರ ಗುರುತೇ ಸಿಗದಂತೆ ಮಾಡುತ್ತವೆ. ಇದು ಮಸುಕಲ್ಲ, ಹಾಗಾಗಿ ಕನ್ನಡಕಕ್ಕೆ ಬಗ್ಗುವುದಿಲ್ಲ.

ನೀವೇ ಮಾಡಿ ನೋಡಿ. ಬಿಳಿ ಹಾಳೆಯಲ್ಲಿ ಒಂದು ಚುಕ್ಕೆ ಇಡಿ. ಅದರಿಂದ 10 ಸೆಂ.ಮೀ. ಬಲಕ್ಕೆ ದಪ್ಪಗೆ 'ಪ' ಬರೆಯಿರಿ. ಕಣ್ಣು ಚುಕ್ಕೆಯ ಮೇಲೇ ಇದ್ದರೂ 'ಪ' ಗೊತ್ತಾಗುತ್ತದೆ. ಈಗ ಅದರ ಎರಡೂ ಪಕ್ಕಕ್ಕೆ ಒತ್ತಿಕೊಂಡ ಹಾಗೆ 'ವ', 'ಮ' ಬರೆಯಿರಿ. ನಡುವೆ ಏನೋ ಇದೆ ಅನ್ನಿಸುತ್ತದೆ, ಆದರೆ 'ಪ'ನೋ 'ಷ'ನೋ ಹೇಳಲಾಗದು. ದೃಷ್ಟಿಯ ಬಗ್ಗೆ ಸಂಶೋಧನೆ ಮಾಡಿದ ಡಚ್ ವಿಜ್ಞಾನಿ ಹರ್ಮನ್ ಬೌಮಾ 1970ರಲ್ಲೇ ಇದಕ್ಕೆ ಲೆಕ್ಕ ಕೊಟ್ಟರು: ನೋಟ ನೆಟ್ಟ ಜಾಗದಿಂದ ಅಕ್ಷರ ಎಷ್ಟು ದೂರವೋ, ಅದರ ಸುಮಾರು ಅರ್ಧದೊಳಗೆ ಇನ್ನೊಂದು ಬಂದರೆ ತೊಂದರೆ. ಅಂದರೆ ಇಲ್ಲಿ 5 ಸೆಂ.ಮೀ. ಈಗ ನಡುವಿನ 'ಪ'ವನ್ನು ಮಾತ್ರ ಕೆಂಪು ಮಾಡಿ. ಎಷ್ಟೋ ಸಲೀಸು, ಅಲ್ವಾ? ಒಂದೇ ಬಣ್ಣದವನ್ನು ಕಣ್ಣು ಗುಂಪು ಕಟ್ಟುತ್ತದೆ, ಬೇರೆ ಬಣ್ಣದ್ದು ಗುಂಪಿನಿಂದ ಹೊರಗುಳಿಯುತ್ತದೆ.

"ಹಾಗಾದ್ರೆ ಒಂದೊಂದು ಅಕ್ಷರಕ್ಕೂ ಒಂದೊಂದು ಬಣ್ಣ ಹಾಕಿಬಿಡೋಣ್ವಾ ಸರ್?" ಎಂದು ಜೊತೆಯ ಟೀಚರ್ ಕೇಳಿದರು. ಬೇಡ ಮೇಡಂ ಎಂದೆ. ಗುಂಪು ಒಡೆಯುವ ಬಣ್ಣ ಪದವನ್ನೂ ಒಡೆಯುತ್ತದೆ. 'ಕತ್ತಲೆ'ಯ ಒತ್ತಿಗೆ ಮಾತ್ರ ಕೆಂಪು ಹಚ್ಚಿದರೆ ಮಗು ಅದನ್ನು ಬೇರೆ ಅಕ್ಷರ ಅಂದುಕೊಂಡು "ಕ... ತ... ತ... ಲೆ" ಎಂದು ನಿಲ್ಲುತ್ತದೆ. ನಾನು ಇಡೀ ಪದಕ್ಕೆ ಒಂದು ಬಣ್ಣ ಕೊಡುತ್ತೇನೆ: ಒಂದು ನೀಲಿ, ಮುಂದಿನದು ಕಂದು, ಮತ್ತೆ ನೀಲಿ. ಆಗ ಪಕ್ಕದ ಪದ ಬಂದು ನುಗ್ಗುವುದಿಲ್ಲ, ಪದವೂ ಇಡಿಯಾಗಿ ಉಳಿಯುತ್ತದೆ.

ಕೆಂಪು-ಹಸಿರು ಜೋಡಿ ಬಳಸುವುದಿಲ್ಲ. ಅವೆರಡರ ವ್ಯತ್ಯಾಸ ಕಾಣದ ಮಕ್ಕಳಿರುತ್ತಾರೆ, ಹುಡುಗರಲ್ಲೇ ಜಾಸ್ತಿ. ಹಳದಿ ಸ್ಕೆಚ್ ಪೆನ್ನು ಬಿಳಿ ಹಾಳೆಯ ಮೇಲೆ ಸುಮ್ನೆ ದಂಡ. ಓದಿನ ತೊಂದರೆಗೆಂದು ಬಣ್ಣದ ಪ್ಲಾಸ್ಟಿಕ್ ಹಾಳೆ ಮಾರುತ್ತಾರಲ್ಲ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇಡೀ ಪುಟಕ್ಕೆ ಒಂದೇ ಬಣ್ಣ ಬಿದ್ದರೆ ಯಾವ ಪದವೂ ಪಕ್ಕದ ಪದದಿಂದ ಬೇರೆಯಾಗುವುದಿಲ್ಲ.

ಇನ್ನು ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿದ್ದರೆ ಯಾವ ಬಣ್ಣವೂ ಉಪಯೋಗವಿಲ್ಲ. ಮೊದಲು ಸಾಲುಗಳ ನಡುವೆ ಜಾಗ ಬಿಡಿ, ಆಮೇಲೆ ಪೆನ್ನು ತೆಗೆಯಿರಿ.