ಶಿವಡಿಯ ಕೆಸರು, 2ಎಚ್ ಪೆನ್ಸಿಲು

ಮುಂಬಯಿಯ ವಡಾಳಾದಿಂದ ಹಾರ್ಬರ್ ರೈಲು ಲೈನಿನಲ್ಲಿ ಮುಂದಿನ ಸ್ಟೇಷನ್ನೇ ಶಿವಡಿ. ಚಳಿಗಾಲದಲ್ಲಿ ಜನ ಅಲ್ಲಿಗೆ ಫ್ಲೆಮಿಂಗೊ ನೋಡಲು ಬರುತ್ತಾರೆ. ಭಾನುವಾರ ಬೆಳಿಗ್ಗೆ ನಾನು ಹೋಗುತ್ತಿದ್ದದ್ದು ಅಟಲ್ ಸೇತುವೆಗಾಗಿ. 2024ರ ಜನವರಿಯಲ್ಲಿ ತೆರೆದ, ಸುಮಾರು 22 ಕಿ.ಮೀ. ಉದ್ದದ ಸೇತುವೆ, ಇಲ್ಲಿಂದ ಹೊರಟು ಕಡಲ ಮೇಲಿನ ಮಬ್ಬಿನಲ್ಲಿ ಕರಗಿಹೋಗುತ್ತದೆ. ಪೆನ್ಸಿಲ್ಲಿನಲ್ಲಿ ದೂರವನ್ನು ಚಿತ್ರಿಸಲು ಕಲಿಯುವವನಿಗೆ ಇನ್ನೇನು ಬೇಕು!

ಮೊದಲ ಸಲ ಆ ಕೊನೆಯಿಂದ ಈ ಕೊನೆಯವರೆಗೂ 6ಬಿ, ಅಂದರೆ ತೀರಾ ಮೆತ್ತನೆಯ ಕಪ್ಪು ಪೆನ್ಸಿಲ್, ಒತ್ತಿ ತಿಕ್ಕಿದೆ. ಧಾರವಾಡದವಳಾದ ನನ್ನ ಹೆಂಡತಿ ನೋಡಿ, ‘ಇದೇನ್ರೀ, ಸೇತುವೆಗೆ ಕಾಡಿಗಿ ಹಚ್ಚೀರೇನು?’ ಎಂದಳು. ಸಿಟ್ಟು ಬಂತು, ಆದರೆ ಅವಳು ಹೇಳಿದ್ದು ಸುಳ್ಳಲ್ಲ.

ಆಮೇಲೆ ಕ್ರಮ ತಿರುಗಿಸಿದೆ. ಪೆನ್ಸಿಲ್ಲಿನ ಕಡ್ಡಿ ಎಂದರೆ ಗ್ರಾಫೈಟ್ ಮತ್ತು ಜೇಡಿಮಣ್ಣು. ಜೇಡಿ ಹೆಚ್ಚಿದಷ್ಟೂ ಗಟ್ಟಿ, ಗೆರೆ ತೆಳು. ಈಗ ಆಚೆ ದಡದ ಗುಡ್ಡಗಳಿಗೆ ಗಟ್ಟಿ ಕಡ್ಡಿಯ 2ಎಚ್, ಅದೂ ಪೆನ್ಸಿಲ್ಲಿನ ಹಿಂತುದಿ ಹಿಡಿದು, ಕೈಭಾರ ಹಾಕದೆ. ನಡುವಿನ ಕಂಬಗಳಿಗೆ ಮಧ್ಯಮ ಗಟ್ಟಿಯ ಎಚ್‌ಬಿ. ಹತ್ತಿರದ ಒಂದೆರಡು ಕಂಬಕ್ಕೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡಕ್ಕೆ ಮಾತ್ರ ಮೆತ್ತನೆಯ 4ಬಿ. ದೂರ ಹೋದಂತೆ ಕಪ್ಪು ಬಿಳಿಚಿಕೊಳ್ಳುವುದಷ್ಟೇ ಅಲ್ಲ, ಅಂಚೂ ಮಸುಕಾಗುತ್ತದೆ. ಇದು ಹೊಳೆಯಲು ನನಗೆ ಇಡೀ ಒಂದು ಚಳಿಗಾಲ ಬೇಕಾಯಿತು. ಪೆನ್ಸಿಲ್ಲನ್ನು ಶಾರ್ಪನರ್‌ಗೆ ಕೊಡದೆ ಬ್ಲೇಡಿನಲ್ಲಿ ಕೆತ್ತಿ, ಕಡ್ಡಿಯನ್ನು ಉದ್ದ ಬಿಟ್ಟರೆ ಅದರ ಮಗ್ಗುಲಿನಿಂದ ಅಗಲವಾಗಿ ನೆರಳು ಹಾಕಬಹುದು.

ಕೆಸರೇ ಕಷ್ಟ. ಶಿವಡಿಯಲ್ಲಿ ಬೆಳಗಿನ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತದೆ, ಒದ್ದೆ ಕೆಸರು ತಗಡಿನಂತೆ ಮಿನುಗುತ್ತದೆ. ಗ್ರಾಫೈಟನ್ನು ಒತ್ತಿದರೂ ಹೊಳಪು ಬರುತ್ತದಲ್ಲ ಎಂದು ಒತ್ತಿದೆ. ಆ ಹೊಳಪು ಕಾಗದವನ್ನು ಓರೆ ಹಿಡಿದಾಗ ಕಾಣುವಂಥದ್ದು, ಚಿತ್ರಕ್ಕೆ ಬರೀ ಕಲೆ. ಕೆಸರು ಮಿನುಗಬೇಕಾದರೆ ಅಲ್ಲಿ ಕಾಗದ ಬಿಳಿಯಾಗಿಯೇ ಉಳಿಯಬೇಕು, ಸುತ್ತ ನೆರಳು ಬರಬೇಕು. ಮರೆತು ಮುಟ್ಟಿದ್ದರೆ ಮೆತ್ತನೆ ರಬ್ಬರನ್ನು ನಾದಿ ಒತ್ತಿ ಎತ್ತುತ್ತೇನೆ, ಉಜ್ಜುವುದಿಲ್ಲ. ಬೆರಳಿನಿಂದ ಸವರುವ ಚಟವನ್ನೂ ಬಿಟ್ಟೆ; ಚರ್ಮದ ಎಣ್ಣೆ ಹತ್ತಿದ ಕಡೆ ರಬ್ಬರು ಸರಿಯಾಗಿ ನಡೆಯುವುದಿಲ್ಲ.

ಮೊನ್ನೆಯ ಚಿತ್ರ ನೋಡಿ ಅವಳು, ‘ಮುಂದ ಸೇತುವೆ ಎಲ್ಲಿ ಹೋತ್ರೀ?’ ಎಂದಳು. ನನಗೆ ಅಷ್ಟೇ ಸಾಕಿತ್ತು.

ಜೂನ್ ಬಂದರೆ ಈ ಕೆಲಸ ಬಂದ್. ಮುಂಬಯಿಯ ತೇವಕ್ಕೆ ಕಾಗದ ಮೆತ್ತಗಾಗಿ 2ಎಚ್ ಗೆರೆ ಎಳೆಯುವ ಬದಲು ಗೀರು ಹಾಕುತ್ತದೆ. ಆ ಗೀರು ಯಾವ ರಬ್ಬರಿಗೂ ಹೋಗದು.