ಹಿಮದ ಆಟದಲ್ಲಿ ಬುತ್ತಿ ಕಟ್ಟುವುದು ಹೇಗೆ?

ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ಹೊರಗೆ ಕಾಲಿಡುವ ಹಾಗಿಲ್ಲ. ಆಗ ಕೂಲರ್ ಮುಂದೆ ಕುಳಿತು ನಾನು ಆಡುವುದು ‘ದಿ ಲಾಂಗ್ ಡಾರ್ಕ್’ ಎಂಬ ವಿಡಿಯೋ ಗೇಮ್, ಹಿಮದ ಕಾಡಿನಲ್ಲಿ ಒಬ್ಬರೇ ಬದುಕುಳಿಯುವ ಆಟ. ಕೆನಡಾದ ಉತ್ತರದಲ್ಲಿ ಗ್ರೇಟ್ ಬೇರ್ ಎಂಬ ಕಲ್ಪಿತ ದ್ವೀಪ, ಎತ್ತ ನೋಡಿದರೂ ಹಿಮ. “ಬ್ಯಾಸಗ್ಯಾಗ ಚಳಿ ಚಳಿ ಅಂತಿಯಲ್ಲೋ ತಮ್ಮಾ” ಅಂತ ಅವ್ವ ನಗುತ್ತಾಳೆ.

2017ರಲ್ಲಿ ಪೂರ್ತಿಯಾಗಿ ಬಿಡುಗಡೆಯಾದ ಈ ಆಟದಲ್ಲಿ ತೋಳ, ಕರಡಿ ಇವೆ. ಆದರೂ ಚಳಿ, ದಣಿವು, ಬಾಯಾರಿಕೆ, ಹಸಿವು ಇವುಗಳ ಕಾಟವೇ ಜಾಸ್ತಿ. ನನ್ನ ಮೊದಲ ನಾಲ್ಕೈದು ಸಾವುಗಳೂ ದಾರಿಯಲ್ಲೇ ಆದವು. ಬುತ್ತಿ ಲೆಕ್ಕ ತಪ್ಪಿತ್ತು, ಅಷ್ಟೇ.

ಮೊದಲು ಹೊಟ್ಟೆ ನೋಡಿಕೊಳ್ಳಿ. ಹೊಟ್ಟೆಯಲ್ಲಿ ಹೆಚ್ಚೆಂದರೆ 2,500 ಕ್ಯಾಲರಿ ಹಿಡಿಸುತ್ತದೆ. ಮಲಗಿದ್ದರೆ ಗಂಟೆಗೆ ಸುಮಾರು 75 ಖರ್ಚು. ನಡೆದರೆ ಅದರ ಮೂರು ಪಟ್ಟಿಗೂ ಜಾಸ್ತಿ, ಓಡಿದರೆ ಕೇಳಲೇಬೇಡಿ. ಹಾಗಾಗಿ ಹೊರಡುವ ಮುಂಚೆ ಭಾರವಾದ ಮಾಂಸ, ಡಬ್ಬಿ ಊಟ ತಿಂದು ಮುಗಿಸಿ. ಚೀಲದ ಭಾರ ಇಳಿಯುತ್ತದೆ.

ಚೀಲಕ್ಕೆ ಏನು ಹಾಕಬೇಕು? ಕೆರೆದಂಡೆಯಲ್ಲಿ ಸಿಗುವ ಜೊಂಡಿನ ದಂಟು, ಆಟದಲ್ಲಿ ‘ಕ್ಯಾಟ್‌ಟೇಲ್’. ಒಂದಕ್ಕೆ 150 ಕ್ಯಾಲರಿ, ಭಾರವೇ ಇಲ್ಲ, ಎಷ್ಟು ದಿನವಾದರೂ ಕೆಡುವುದಿಲ್ಲ. ನಮ್ಮ ಖಡಕ್ ರೊಟ್ಟಿ ಇದ್ದ ಹಾಗೆ. ಅದರ ಜೊತೆಗೆ ಶೇಂಗಾ ಚಟ್ನಿ ಮಾತ್ರ ಆಟದಲ್ಲಿ ಸಿಗುವುದಿಲ್ಲ! ಹಸಿ ಮಾಂಸ ಹೊತ್ತು ತಿರುಗಬೇಡಿ, ವಾಸನೆ ಹಿಡಿದು ತೋಳ ಬರುತ್ತದೆ. ತೋಳ, ಕರಡಿಯ ಮಾಂಸ ಬೇಯಿಸಿ ತಿಂದರೂ ಹೊಟ್ಟೆಯಲ್ಲಿ ಹುಳ ಆಗಬಹುದು. ಆಟದ ಅಡುಗೆ ಕೌಶಲದಲ್ಲಿ 5ನೇ ಹಂತ ತಲುಪುವವರೆಗೆ ಮೊಲ, ಜಿಂಕೆ, ಮೀನೇ ವಾಸಿ.

ಒಟ್ಟು ಹೊರೆ 30 ಕಿಲೋ ದಾಟದಿರಲಿ. ದಣಿದರೆ ಅಷ್ಟೂ ಆಗುವುದಿಲ್ಲ. ಹೊರೆ ಮೀರಿ ಇಳಿಜಾರು ಹತ್ತಿದರೆ ಕಾಲು ಉಳುಕಬಹುದು. 72 ಗಂಟೆ ಹಸಿವಿಲ್ಲದೆ ಇದ್ದರೆ ಮಾತ್ರ ಇನ್ನೂ 5 ಕಿಲೋ ಹೊರುವ ಶಕ್ತಿ ಬರುತ್ತದೆ. ಹಸಿದುಕೊಂಡೇ ದಿನ ದೂಡುವ ಜಿಪುಣರಿಗೆ ಇದು ಸಿಗುವುದಿಲ್ಲ. ನೀರು ಲೀಟರಿಗೆ ಒಂದು ಕಿಲೋ, ಎರಡು ಲೀಟರ್ ಸಾಕು.

ಬೆಳಕು ಹರಿಯುತ್ತಲೇ ಹೊರಡಿ. ದ್ವೀಪದ ಮಿಸ್ಟರಿ ಲೇಕ್ ಎಂಬ ಪ್ರದೇಶದಲ್ಲಿ ಕ್ಯಾಂಪ್ ಆಫೀಸ್ ಕಟ್ಟಡದಿಂದ ಅಣೆಕಟ್ಟಿಗೆ ಹೋಗುವುದಾದರೆ ರೈಲು ಹಳಿ ಬಿಡಬೇಡಿ. ಹಿಮಗಾಳಿ ಎದ್ದಾಗ ಕೈ ಚಾಚಿದ ದೂರವೂ ಕಾಣುವುದಿಲ್ಲ, ಹಳಿಯೊಂದೇ ದಿಕ್ಕು. ಕೆರೆ ದಾಟುವಾಗ ತೆಳುವಾದ ಮಂಜುಗಡ್ಡೆ ಒಡೆದರೆ ಬಟ್ಟೆ ನೆನೆದು ಮೈಮೇಲೇ ಹೆಪ್ಪುಗಟ್ಟುತ್ತದೆ.

ಬೆಂಕಿಕಡ್ಡಿ ಉಳಿಸಬೇಕೇ? ಬಿಸಿಲಿದ್ದರೆ ಭೂತಗನ್ನಡಿಯಿಂದ ಬೆಂಕಿ ಹಚ್ಚಿ. ಆ ದ್ವೀಪದಲ್ಲಿ ಅಂಥ ಬಿಸಿಲಿಗಾಗಿ ಕಾಯಬೇಕು. ನಮ್ಮೂರಿನದ್ದಾಗಿದ್ದರೆ ಕನ್ನಡಿಯೂ ಬೇಕಿರಲಿಲ್ಲ, ಅಲ್ವಾ?

ಗುಡಿಸಲು ಮುಟ್ಟಿದ ಕೂಡಲೇ ಮಲಗಬೇಡಿ. ಉಳಿದ ಮಾಂಸವನ್ನು ಹೊರಗೆ ಹಿಮದಲ್ಲಿ ಇಡಿ, ಒಳಗಿಗಿಂತ ಅಲ್ಲಿ ನಿಧಾನವಾಗಿ ಕೆಡುತ್ತದೆ. ಒಲೆ ಆರುವ ಮುಂಚೆ ಹಿಮ ಕರಗಿಸಿ, ಕುದಿಸಿ, ವಾಪಸ್ ದಾರಿಯ ನೀರು ತುಂಬಿಸಿಟ್ಟುಕೊಳ್ಳಿ.