ಪಂಪ್ ಕೆಟ್ಟಿದೆ ಅಂದುಕೊಂಡ ರಾತ್ರಿ

ಜುಲೈ ತಿಂಗಳು, ರಾತ್ರಿ ಎರಡೂವರೆ. ನೈನಿತಾಲ್ ಹತ್ತಿರದ ಒಂದು ಗುಡ್ಡದ ತುದಿಯಲ್ಲಿ, ಸುಮಾರು 1,900 ಮೀಟರ್ ಎತ್ತರದಲ್ಲಿ, ತಗಡಿನ ಕೋಣೆಯೊಳಗೆ ನಾನು ಸ್ಕ್ರೂಡ್ರೈವರ್ ಹಿಡಿದು ಕೂತಿದ್ದೆ. ಗಾಳಿಯಲ್ಲಿರುವ ಕಣಗಳನ್ನು ಎಣಿಸುವ ಯಂತ್ರದ ಲೆಕ್ಕ ಹತ್ತೇ ನಿಮಿಷದಲ್ಲಿ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಪಂಪ್ ಕೆಟ್ಟಿದೆ ಅಂದುಕೊಂಡೆ. ಗಾಳಿಯ ಹರಿವು ನೋಡಿದೆ, ಸರಿ ಇತ್ತು. ಕೊಳವೆ ಬಿಚ್ಚಿ ಊದಿ ಮತ್ತೆ ಹಾಕಿದೆ. ಕಣಗಳ ಮೇಲೆ ಆವಿಯಾಗಿ ಕೂತು ಅವನ್ನು ಎಣಿಸುವಷ್ಟು ದಪ್ಪ ಮಾಡೋದು ಬ್ಯೂಟನಾಲ್ ಅನ್ನೋ ದ್ರವ. ಅದು ಕಡಿಮೆಯಾದರೂ ಲೆಕ್ಕ ಬೀಳುತ್ತೆ, ಅದಕ್ಕೆ ಅದನ್ನೂ ತುಂಬಿಸಿದೆ. ಕೋಣೆಯೆಲ್ಲ ಅದರ ಘಾಟು. ತಲೆ ಸಿಡಿಯತೊಡಗಿತು. ಸಂಖ್ಯೆ ಮಾತ್ರ ಮೇಲೇಳಲಿಲ್ಲ.

ಘಾಟು ತಡೆಯಲಾಗದೆ ಬಾಗಿಲು ತೆಗೆದೆ. ಟಾರ್ಚ್ ಬಿಟ್ಟರೆ ನಾಲ್ಕಡಿ ಆಚೆಗೆ ಬಿಳಿ ಗೋಡೆ. ಮೋಡ ಬಂದು ಗುಡ್ಡದ ಮೇಲೆ ಕೂತಿತ್ತು.

ಪಂಪ್ ಕೆಟ್ಟಿರಲಿಲ್ಲ. ಕಣಗಳು ಹನಿಗಳ ಹೊಟ್ಟೆ ಸೇರಿದ್ದವು. ನಮ್ಮ ಕೊಳವೆಯ ಬಾಯಿಗೆ 2.5 ಮೈಕ್ರಾನ್‌ಗಿಂತ ದೊಡ್ಡದನ್ನು, ಅಂದರೆ ಮಿಲಿಮೀಟರಿನ ನಾನೂರನೇ ಒಂದು ಭಾಗಕ್ಕಿಂತ ದಪ್ಪ ಇರೋದನ್ನು, ಒಳಗೆ ಬಿಡದ ಒಂದು ತಡೆ ಹಾಕಿದ್ದೆವು. ಮೋಡದ ಹನಿ ಸಾಮಾನ್ಯವಾಗಿ 10ರಿಂದ 20 ಮೈಕ್ರಾನ್ ಇರುತ್ತೆ. ಹಾಗಾಗಿ ಹನಿಯಾದ ಕಣ ಹೊರಗೇ ಉಳಿದಿತ್ತು. ಆಗದೇ ಉಳಿದದ್ದು ಮಾತ್ರ ಒಳಗೆ ಬಂದು ಎಣಿಕೆಗೆ ಸಿಕ್ಕಿತ್ತು. ಮೂರು ವರ್ಷ ಓದಿದ್ದ ಪಾಠ ಕಣ್ಣೆದುರು ನಡೀತಿತ್ತು, ನಾನು ಪಂಪ್ ಬಿಚ್ಚುತ್ತಿದ್ದೆ.

ಕಣವಿಲ್ಲದೆ ಮೋಡ ಇಲ್ಲ ಅನ್ನೋದು ಹಳೆಯ ಸಂಗತಿ. ಸ್ಕಾಟ್ಲೆಂಡಿನ ಜಾನ್ ಐಟ್ಕನ್ 1880ರ ದಶಕದಲ್ಲೇ ಇದನ್ನು ತೋರಿಸಿದ್ದ. ಪೂರ್ತಿ ಶುದ್ಧ ಗಾಳಿಯಲ್ಲಿ ಆವಿ ತಾನಾಗಿ ಹನಿ ಕಟ್ಟಬೇಕಾದರೆ ತೇವಾಂಶ ಶೇ 100 ಇದ್ದರೆ ಸಾಲದು, ಅದರ ಹಲವು ಪಟ್ಟು ಬೇಕು. ಕಣ ಸಿಕ್ಕರೆ ಶೇ 100 ದಾಟಿ ಒಂದು ಕೂದಲೆಳೆಯಷ್ಟು ಸಾಕು. ನಿಜವಾದ ಮೋಡದಲ್ಲಿ ಆ ಹೆಚ್ಚುವರಿ ಸಾಮಾನ್ಯವಾಗಿ ಶೇ 1ನ್ನೂ ಮುಟ್ಟಲ್ಲ.

ನಮ್ಮೂರು ಮೂಡಿಗೆರೆ ಕಡೆ. ನಾನು ಈ ಕೆಲಸಕ್ಕೆ ಹೊರಟಾಗ ಅಮ್ಮ, "ಮೋಡ ನೋಡೋಕೆ ಅಷ್ಟು ದೂರ ಹೋಗ್ಬೇಕೇನೋ? ಹಿತ್ಲಲ್ಲೇ ಇತ್ತಲ್ಲ" ಅಂದಿದ್ದರು. ತಪ್ಪೇನಿಲ್ಲ. ಆದರೆ ನಮ್ಮೂರಿನ ಮುಂಗಾರು ಮೋಡ ಅರಬ್ಬಿ ಸಮುದ್ರದ ಉಪ್ಪು ಹೊತ್ತು ಬರುತ್ತೆ. ಹಿಮಾಲಯದ ಈ ಮೊದಲ ಸಾಲಿನ ಗುಡ್ಡಕ್ಕೆ ಬರೋ ಗಾಳಿ ಗಂಗಾ ಬಯಲಿನ ಊರುಗಳ ಹೊಗೆಯನ್ನೆಲ್ಲ ಹೊತ್ತು ಹತ್ತುತ್ತೆ. ಇದೇ ಕಾರಣಕ್ಕೆ 2011ರ ಜೂನ್‌ನಿಂದ 2012ರ ಮಾರ್ಚ್‌ವರೆಗೆ ಅಮೆರಿಕದವರು ತಮ್ಮ ಸಂಚಾರಿ ಉಪಕರಣಗಳನ್ನೆಲ್ಲ ನೈನಿತಾಲ್‌ನ ಮನೋರಾ ಪೀಕ್‌ಗೆ ತಂದು ಅಳತೆ ಮಾಡಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಆ ಕೆಲಸದಲ್ಲಿ ಜೊತೆಗಿತ್ತು.

ಗಾಳಿ ಹತ್ತೋದನ್ನು ಕಣ್ಣಾರೆ ನೋಡಬಹುದು. ಬೆಳಗ್ಗೆ ಏಳಕ್ಕೆ ದಕ್ಷಿಣಕ್ಕೆ ತಿರುಗಿ ನಿಂತರೆ ಕೆಳಗೆ ಹಲ್ದ್ವಾನಿ ಕಡೆ ಕಂದು ಬಣ್ಣದ ಒಂದು ಪದರ, ಮೇಲ್ಗಡೆ ಗೆರೆ ಎಳೆದ ಹಾಗೆ. ಹಾಲಿನ ಪಾತ್ರೆಯಲ್ಲಿ ಕೆನೆ ಕಟ್ಟಿದಂತೆ. ಬಿಸಿಲು ಏರಿದ ಹಾಗೆ ಆ ಗೆರೆ ಮೇಲೆ ಬರುತ್ತೆ. ಮಧ್ಯಾಹ್ನದ ಊಟದ ಹೊತ್ತಿಗೆ ನಾವೇ ಅದರೊಳಗೆ ಇರುತ್ತಿದ್ದೆವು. ಯಂತ್ರದ ಗ್ರಾಫ್ ಕೂಡ ಅದೇ ಗಂಟೆಗೆ ಏರುತ್ತೆ, ಸಂಜೆ ಇಳಿಯುತ್ತೆ. ಕೆಲವು ಸಲ ಮಾತ್ರ ಒಮ್ಮೆಲೇ ಸೂಜಿಯಂತೆ ಜಿಗಿಯುತ್ತಿತ್ತು. ನಮ್ಮ ಕೋಣೆ ನೋಡಿಕೊಳ್ಳುತ್ತಿದ್ದ ದಾಜ್ಯೂ ಕೊಳವೆ ಕೆಳಗೆ ನಿಂತು ಬೀಡಿ ಹಚ್ಚಿದ್ದಾರೆ ಅಂತ ಅರ್ಥ. (ಕುಮಾವ್ ಕಡೆ ಅಣ್ಣನನ್ನು ದಾಜ್ಯೂ ಅನ್ನುತ್ತಾರೆ. ಅವರ ನಿಜವಾದ ಹೆಸರನ್ನು ಯಾರೂ ಕರೆದದ್ದು ಕೇಳಿಲ್ಲ.)

ಆ ರಾತ್ರಿಯ ಮೇಲೆ ಎರಡನೇ ಕೊಳವೆ ಹಾಕಿಸಿದೆವು. ಇದರ ಬಾಯಿ ಅಗಲ, ತಡೆ ಇಲ್ಲ. ಹನಿಯನ್ನೂ ಒಳಗೆ ಎಳೆದುಕೊಂಡು, ಬಿಸಿ ಮಾಡಿ, ನೀರು ಆರಿಸಿ ಕಣವನ್ನು ಮಾತ್ರ ಉಳಿಸುತ್ತೆ. ಇದರ ಲೆಕ್ಕದಿಂದ ಹಳೆ ಕೊಳವೆಯ ಲೆಕ್ಕ ಕಳೆದರೆ ಎಷ್ಟು ಕಣ ಹನಿಯಾಯಿತು ಅಂತ ಸಿಗುತ್ತೆ. ಹೇಳೋಕೆ ಸುಲಭ. ಬಿಸಿ ಜಾಸ್ತಿಯಾದರೆ ಕಣದ ಅಂಶವೂ ಆವಿಯಾಗಿ ಹೋಗುತ್ತೆ, ಕಡಿಮೆಯಾದರೆ ಹನಿ ಕೊಳವೆಯ ಬಾಗಿಗೆ ಬಡಿದು ಅಲ್ಲೇ ಅಂಟಿಕೊಳ್ಳುತ್ತೆ. ಸರಿಯಾಗೋಕೆ ಒಂದು ತಿಂಗಳು ಹಿಡಿಯಿತು.

ಪಕ್ಕದಲ್ಲೇ ಕೃತಕವಾಗಿ ಮೋಡ ಮಾಡುವ ಇನ್ನೊಂದು ಯಂತ್ರ. ಒದ್ದೆ ಗೋಡೆಯ ಉದ್ದ ಕೊಳವೆ, ಮೇಲೆ ತಣ್ಣಗೆ ಕೆಳಗೆ ಬೆಚ್ಚಗೆ. ಬೇಕಾದಷ್ಟು ತೇವ ಇಟ್ಟು ಎಷ್ಟು ಕಣ ಹನಿಯಾಗುತ್ತೆ ನೋಡೋದು. ಇದನ್ನು ಸರಿಹೊಂದಿಸೋಕೆ ಅಮೋನಿಯಂ ಸಲ್ಫೇಟ್ ಕರಗಿಸಿ ಸಿಂಪಡಿಸುತ್ತೇವೆ. ಅದೇ, ಹೊಲಕ್ಕೆ ಹಾಕುವ ಗೊಬ್ಬರ. ನೀರನ್ನು ಚೆನ್ನಾಗಿ ಎಳೆದುಕೊಳ್ಳುತ್ತೆ. ಹೊಗೆಯಿಂದ ಆಗಷ್ಟೇ ಬಂದ ಹೊಸ ಮಸಿಗೆ ಆ ಗುಣ ಇಲ್ಲ. ಗಾಳಿಯಲ್ಲಿ ಒಂದೆರಡು ದಿನ ಸುತ್ತಾಡಿ ಮೈಗೆ ಸಲ್ಫೇಟ್ ಮೆತ್ತಿಕೊಂಡ ಮೇಲೆ ಮಸಿಯೂ ಹನಿ ಕಟ್ಟೋಕೆ ಕಲಿಯುತ್ತೆ.

ಇಷ್ಟೆಲ್ಲ ದುಬಾರಿ ಯಂತ್ರ ಇದ್ದರೂ ನನಗೆ ಅತಿ ಹೆಚ್ಚು ಕಲಿಸಿದ್ದು ಹರಳೆಣ್ಣೆ. ಹನಿಯ ಗಾತ್ರ ಅಳೆಯುವ ಉಪಕರಣ ನಮ್ಮಲ್ಲಿ ಇರಲಿಲ್ಲ. ಹಳೆಯ ಉಪಾಯವೊಂದಿದೆ: ಗಾಜಿನ ಪಟ್ಟಿಗೆ ಎಣ್ಣೆ ಸವರಿ ಮೋಡದಲ್ಲಿ ಬೀಸೋದು. ಹನಿ ಎಣ್ಣೆಯಲ್ಲಿ ಮುಳುಗಿ ಗುಂಡಗೇ ಉಳಿಯುತ್ತೆ, ಬೇಗ ಆರಲ್ಲ. ಮೊದಲ ದಿನ ಸ್ಲೈಡನ್ನು ಸುಮ್ನೆ ಹಿಡಿದುಕೊಂಡು ನಿಂತೆ. ಏನೂ ಬೀಳಲಿಲ್ಲ. ಸಣ್ಣ ಹನಿ ಗಾಳಿಯ ಜೊತೆ ಗಾಜನ್ನು ಬಳಸಿಕೊಂಡು ಆಚೆ ಹೋಗಿಬಿಡುತ್ತೆ. ಗಾಜನ್ನು ಬೆರಳಿಗಿಂತ ಸಪೂರ ಕತ್ತರಿಸಿ, ಕೋಲಿನ ತುದಿಗೆ ಕಟ್ಟಿ, ಜೋರಾಗಿ ಒಂದೇ ಸಲ ಬೀಸಬೇಕು. ಆಮೇಲೆ ಒಳಗೆ ಓಡಿ ಮೈಕ್ರೋಸ್ಕೋಪ್ ಕೆಳಗಿಟ್ಟು ಫೋಟೋ. ತಡ ಮಾಡಿದರೆ ಹನಿ ಕರಗುತ್ತಾ ಹೋಗುತ್ತೆ. ತೀರಾ ಸಣ್ಣವು ಹೀಗೂ ತಪ್ಪಿಸಿಕೊಳ್ಳುತ್ತವೆ, ಅದನ್ನು ಲೆಕ್ಕದಲ್ಲಿ ಒಪ್ಪಿಕೊಳ್ಳಬೇಕು.

ನಾಲ್ಕು ದಿನ ಬಿಡದೆ ಮಳೆ ಸುರಿದ ಮೇಲೆ ಬಂದ ಜುಲೈ ಮೋಡದ ಫೋಟೋದಲ್ಲಿ ಹನಿಗಳು ದೊಡ್ಡವು, ಒಂದಕ್ಕೊಂದು ದೂರ. ಮುಂದಿನ ವರ್ಷ ಮೇ ಕೊನೆಯಲ್ಲಿ ಚೀಡ್, ಅಂದರೆ ಪೈನ್ ಮರಗಳ ಕಾಡು ಉರಿಯುತ್ತಿತ್ತು. ನೆಲದ ಮೇಲಿನ ಒಣ ಪಿರೂಲ್‌ಗೆ, ಅಂದರೆ ಉದುರಿದ ಸೂಜಿ ಎಲೆಗೆ, ಬೆಂಕಿ ಬಿದ್ದರೆ ನಿಲ್ಲೋದೇ ಇಲ್ಲ. ಗುಡ್ಡಕ್ಕೆ ತಾಗಿದ ಒಂದು ಸಂಜೆಯ ಮೋಡಕ್ಕೆ ಸ್ಲೈಡ್ ಬೀಸಿದೆ. ಫೋಟೋ ತುಂಬ ಪುಡಿ ಪುಡಿ ಹನಿ. ಇರೋ ನೀರು ಅಷ್ಟೇ, ಹಂಚಿಕೊಳ್ಳೋರು ಜಾಸ್ತಿ. ಇಂಥ ಮೋಡ ಹೆಚ್ಚು ಬೆಳ್ಳಗೆ ಕಾಣುತ್ತೆ ಅಂತ ಮೋಡ ವಿಜ್ಞಾನಿ ಶಾನ್ ಟೂಮಿ 1970ರ ದಶಕದಲ್ಲೇ ಬರೆದಿದ್ದರು.

ಬಯಲಾಗಿದ್ದರೆ ಇದು ದೊಡ್ಡ ವಿಷಯವಲ್ಲದೆ ಹೋಗಬಹುದಿತ್ತು. ಬೆಟ್ಟದ ಮೋಡಕ್ಕೆ ಪುರುಸೊತ್ತಿಲ್ಲ. ಗಾಳಿ ಸೆಕೆಂಡಿಗೆ 5 ಮೀಟರ್ ಬೀಸಿ, ಗುಡ್ಡದ ಏರು 5 ಕಿಲೋಮೀಟರ್ ಇದ್ದರೆ ಮೋಡದ ಹನಿಗೆ ಸಿಗೋದು 17 ನಿಮಿಷ. ಅಷ್ಟರಲ್ಲಿ ಹನಿಗಳು ಡಿಕ್ಕಿ ಹೊಡೆದು, ಕೂಡಿ, ಮಳೆಹನಿಯಾಗಬೇಕು. ಒಂದು ಸಾಧಾರಣ ಮಳೆಹನಿಗೆ ಸುಮಾರು ಹತ್ತು ಲಕ್ಷ ಮೋಡದ ಹನಿ ಬೇಕು. ಎಲ್ಲವೂ ಒಂದೇ ಗಾತ್ರದ ಪುಡಿಯಾದರೆ ಒಂದೇ ವೇಗದಲ್ಲಿ ತೇಲುತ್ತವೆ, ಡಿಕ್ಕಿಯೇ ಆಗಲ್ಲ. ಗುಡ್ಡ ದಾಟಿದ ಗಾಳಿ ಇಳಿಯುತ್ತಾ ಬಿಸಿಯಾಗುತ್ತೆ, ಹನಿ ಆರುತ್ತೆ.

ಚೀನಾದ ಹುವಾ ಪರ್ವತದ ಹಳೆಯ ದಾಖಲೆಗಳನ್ನು ಇಟ್ಟುಕೊಂಡು 2007ರಲ್ಲಿ ಡೇನಿಯಲ್ ರೋಸೆನ್‌ಫೆಲ್ಡ್ ಮತ್ತು ಜೊತೆಗಾರರು ಇದೇ ಮಾತು ಹೇಳಿದರು: ಗಾಳಿ ಮಬ್ಬಾದ ದಿನಗಳಲ್ಲಿ ಬೆಟ್ಟದಿಂದಾಗಿ ಬೀಳುವ ಮಳೆ ಶೇ 30ರಿಂದ 50ರಷ್ಟು ಕಡಿಮೆ. ಅಮೆರಿಕದ ಕೊಲರಾಡೋದ ಸ್ಟಾರ್ಮ್ ಪೀಕ್‌ನಲ್ಲಿ ಹಿಮದ ವಿಷಯದಲ್ಲೂ ಹೀಗೇ ಕಂಡಿದೆ. ಅಲ್ಲಿ ಹಿಮದ ಹರಳು ಬೀಳುವಾಗ ದಾರಿಯಲ್ಲಿ ಹನಿಗಳನ್ನು ಮೈಗೆ ಮೆತ್ತಿಕೊಂಡು ತೂಕ ಏರಿಸಿಕೊಳ್ಳುತ್ತೆ. ಹನಿ ಪುಡಿಯಾದರೆ ಮೆತ್ತಿಕೊಳ್ಳಲ್ಲ, ಹಗುರ ಹರಳು ಗಾಳಿಗೆ ತೂರಿಕೊಂಡು ಎಲ್ಲೋ ಹೋಗುತ್ತೆ.

ಎಲ್ಲ ಮೋಡಕ್ಕೂ ಇದು ಹೊಂದುತ್ತೆ ಅಂತ ನಾನು ಹೇಳಲಾರೆ. ಗುಡುಗಿನ ಎತ್ತರದ ಮೋಡದಲ್ಲಿ ಮಳೆಯಾಗದ ನೀರು ಮೇಲಕ್ಕೆ ಹೋಗಿ ಹೆಪ್ಪುಗಟ್ಟಿ, ಆಗ ಹೊಮ್ಮುವ ಶಾಖದಿಂದ ಮೋಡ ಇನ್ನೂ ಜೋರಾಗುತ್ತೆ ಅನ್ನೋ ವಾದವಿದೆ. ಜಗಳ ಮುಗಿದಿಲ್ಲ. ಮಂಜುಗಡ್ಡೆಯ ಕತೆಯೇ ಬೇರೆ: ಕಣವಿಲ್ಲದ ಪುಟ್ಟ ಹನಿ ಸುಮಾರು ಮೈನಸ್ 38 ಡಿಗ್ರಿವರೆಗೂ ನೀರಾಗೇ ಇರುತ್ತೆ, ಥಾರ್‌ ಮರುಭೂಮಿಯ ಧೂಳಿನಂಥದ್ದು ಸಿಕ್ಕರೆ ಅದಕ್ಕಿಂತ ಎಷ್ಟೋ ಮೊದಲೇ ಗಟ್ಟಿಯಾಗುತ್ತೆ. ಅದನ್ನು ಅಳೆಯುವ ಸಲಕರಣೆ ನಮ್ಮಲ್ಲಿರಲಿಲ್ಲ. ಇಲ್ಲದ್ದರ ಬಗ್ಗೆ ಜಂಬ ಬೇಡ.

ರಜೆಗೆ ಊರಿಗೆ ಬಂದಾಗ ಎರಡೂ ಫೋಟೋ ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು.

"ಇದು ಸಾಬಕ್ಕಿ, ಇದು ರಾಗಿ."

"ರಾಗಿಯಂಥದ್ದು ಮಳೆಯಾಗೋದು ತಡ ಅಮ್ಮ. ಅಷ್ಟರಲ್ಲಿ ಮೋಡ ಗುಡ್ಡ ದಾಟಿಬಿಡುತ್ತೆ."

"ಹಂಗಾದ್ರೆ ನಮ್ ಪಾಲಿಂದು ಗುಡ್ಡದಾಚೆ ಕಡೂರಿಗೆ ಹೋಯ್ತು ಅನ್ನು."

"ಅಲ್ಲಿಗೆ ಹೋಗೋದ್ರೊಳಗೆ ಅರ್ಧ ಆರಿರುತ್ತೆ."

"ಅಯ್ಯೋ, ಅವ್ರಿಗೂ ಇಲ್ವಾ?" ಅಂದರು ಅಮ್ಮ, ಕನ್ನಡಕ ತೆಗೆಯುತ್ತಾ.